ಚಾರ್ಜರ್ ಬೇಡ, ಪೈಪು ಹಾಕಿಸಿ

ಮಾನ್ಯ ಸಂಪಾದಕರೆ,

ಹೋದ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. "ನೋಡಪ್ಪ, ನಿನ್ನ ವೈರಿಂಗ್‌ನಲ್ಲಿ ಬೆಂಕಿ ಬಂದಿದೆ, ಬೇಗ ಬಾ." ಮನೆ ವೈರಿಂಗ್ ಮಾಡಿ ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ಕೆಟ್ಟ ಸುಪ್ರಭಾತ ಬೇರೆ ಇಲ್ಲ. ಕಾಫಿ ಕುಡಿಯದೆ ಹೊರಟೆ.

ನಾಗರಬಾವಿ ಕಡೆಯ ಒಂದು ತರ್ಟಿ ಫಾರ್ಟಿ ಸೈಟಿನ ಮನೆ ಅದು. ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಮೂರು ಅಂತಸ್ತು. ಮೊದಲನೆಯದರಲ್ಲಿ ಎರಡು ಸಣ್ಣ ಬಾಡಿಗೆ ಮನೆ, ಎರಡನೆಯದರಲ್ಲಿ ಒಂದು, ಮೇಲೆ ಮಾಲೀಕರು. ಗೃಹಪ್ರವೇಶವಾಗಿ ಎರಡು ವರ್ಷ ತುಂಬಿಲ್ಲ. ಹೋಗಿ ನೋಡಿದರೆ ಗೋಡೆಯೊಳಗಿನ ವೈರಿಗೆ ಏನೂ ಆಗಿರಲಿಲ್ಲ. ಎರಡನೇ ಮಹಡಿಯ ಹುಡುಗ ಬೆಡ್‌ರೂಮ್ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು ಕೆಳಗೆ ನಿಲ್ಲಿಸಿದ್ದ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುತ್ತಿದ್ದ. ರಾತ್ರಿ ಮಳೆ. ಎಕ್ಸ್‌ಟೆನ್ಷನ್ ಬೋರ್ಡು ಸ್ಕೂಟರಿನ ಕಾಲಿಡುವ ಜಾಗದಲ್ಲಿ, ಒಂದು ಹಾಲಿನ ಕವರ್ ಹೊದ್ದುಕೊಂಡು ಮಲಗಿತ್ತು. ಪಿನ್ನು ಕೂರುವ ಜಾಗ ಕರಗಿ, ಕಪ್ಪಾಗಿ, ಜಿಲೇಬಿಯ ಹಾಗೆ ಸುರುಟಿಕೊಂಡಿತ್ತು.

ಸ್ಕೂಟರಿನ ಚಾರ್ಜರ್ ಎಳೆಯುವುದು ಮೂರೂವರೆ ಆಂಪಿಯರ್ ಆಸುಪಾಸು. ಅಷ್ಟಕ್ಕೆ ಏನೂ ಆಗಬಾರದು. ಆದರೆ ಪಿನ್ನು ಸಡಿಲ, ಒಳಗೆ ನೀರು, ಅದೂ ನಾಲ್ಕೈದು ಗಂಟೆ ಬಿಡದೆ. ಸಡಿಲವಾದ ಕಡೆ ಕಿಡಿ, ಕಿಡಿಯಿಂದ ಬಿಸಿ. ಪುಣ್ಯಕ್ಕೆ ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಆ ಮನೆಯ ಆರ್‌ಸಿಸಿಬಿ ಟ್ರಿಪ್ ಆಗಿ ಕೂತಿತ್ತು. ಯಾರಿಗೂ ಶಾಕ್ ಹೊಡೆದಿಲ್ಲ.

ಮಾಲೀಕರು ಸಿಟ್ಟಿನಲ್ಲಿದ್ದರು. "ಇನ್ಮೇಲೆ ನಮ್ಮ ಬಿಲ್ಡಿಂಗ್‌ನಲ್ಲಿ ಎಲೆಕ್ಟ್ರಿಕ್ ಗಾಡಿ ಇರೋರಿಗೆ ಮನೆ ಕೊಡಲ್ಲ" ಎಂದರು. ಹುಡುಗ ನನ್ನ ಮುಖ ನೋಡಿದ. "ಅಣ್ಣ, ನಾನು ಬಂದ ದಿನಾನೇ ಕೇಳ್ದೆ, ಕೆಳಗಡೆ ನಮ್ಮ ಮೀಟರ್‌ದು ಒಂದು ಪಾಯಿಂಟ್ ಕೊಡಿ ಅಂತ. ಗೋಡೆ ಒಡೆಯೋಕ್ಕಾಗಲ್ಲ ಅಂದ್ರು." ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ಮನೆಗೆ ಪೈಪು ಕೂರಿಸಿದವನು, ವೈರ್ ಎಳೆದವನು, ಕಂಪ್ಲೀಷನ್ ರಿಪೋರ್ಟಿಗೆ ಸೈನ್ ಹಾಕಿದವನು ನಾನೇ. ಪಾರ್ಕಿಂಗ್‌ನಲ್ಲಿ ಎರಡು ಟ್ಯೂಬ್‌ಲೈಟು, ಒಂದು ಐದು ಆಂಪ್ ಸಾಕೆಟ್ಟು, ಅದೂ ಪಂಪ್ ಮೀಟರಿನಿಂದ. ಅಷ್ಟೇ ಕೊಟ್ಟಿದ್ದೆ. ಆವಾಗ ನನಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ, ಪ್ಲಾನ್ ಪಾಸ್ ಮಾಡಿದವರಂತೂ ಕೇಳಲೇ ಇಲ್ಲ.

ಈ ಪತ್ರ ಬರೆಯುತ್ತಿರುವುದು ಆ ಸಂಕಟಕ್ಕೆ.

ನಾನು ಈ ಊರಿನಲ್ಲಿ ವೈರಿಂಗ್ ಕೆಲಸಕ್ಕೆ ಹೆಲ್ಪರ್ ಆಗಿ ಸೇರಿ ಇಪ್ಪತ್ತೆಂಟು ವರ್ಷವಾಯಿತು. ವಿದ್ಯುತ್ ಗಾಡಿ ಎಂದರೆ ಈಗ ನಿನ್ನೆ ಮೊನ್ನೆ ಬಂದದ್ದು ಎಂಬ ಹಾಗೆ ಮಾತಾಡುತ್ತಾರೆ. ರೇವಾ ಎಂಬ ಪುಟ್ಟ ಕಾರು ಇದೇ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲೇ ರಸ್ತೆಗಿಳಿದಿತ್ತು. ಅದಾದ ಎರಡು ಮೂರು ವರ್ಷಕ್ಕೆ ಜಯನಗರದ ಒಬ್ಬ ಡಾಕ್ಟರ ಮನೆಗೆ ನಮ್ಮ ಮೇಸ್ತ್ರಿ ನನ್ನನ್ನು ಕಳಿಸಿದ್ದರು. ಪೋರ್ಟಿಕೋದಲ್ಲಿ ಒಂದು ಹದಿನೈದು ಆಂಪ್ ಸಾಕೆಟ್ಟು, ಅದಕ್ಕೊಂದು ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ. "ಮಕ್ಕಳು ಕೈ ಹಾಕಬಾರದು" ಎಂದಿದ್ದರು ಆ ಅಮ್ಮ. ಸ್ವಂತ ಮನೆ, ಸ್ವಂತ ಪೋರ್ಟಿಕೋ, ಮೀಟರಿನಿಂದ ಎಂಟು ಅಡಿ. ಅರ್ಧ ದಿನದಲ್ಲಿ ಮುಗಿಯಿತು. ಆವತ್ತಿಗೂ ಇವತ್ತಿಗೂ ಸಾಕೆಟ್ಟಿನ ತಂತ್ರಜ್ಞಾನ ಬಹಳ ಬದಲಾಗಿಲ್ಲ. ಮನೆ ಬದಲಾಗಿದೆ. ಗಾಡಿ ಇರುವವನು ಮೂರನೇ ಮಹಡಿಯಲ್ಲಿ, ಗಾಡಿ ನೆಲದ ಮೇಲೆ, ಮೀಟರ್ ಮೆಟ್ಟಿಲ ಕೆಳಗೆ, ದುಡ್ಡು ಹಾಕಬೇಕಾದ ಮಾಲೀಕ ಇನ್ನೆಲ್ಲೋ.

ಸರ್ಕಾರದಲ್ಲಿ ನಿಯಮವೇ ಇಲ್ಲ ಎಂದು ನಾನು ಹೇಳುವುದಿಲ್ಲ. ವಿದ್ಯುತ್ ವಾಹನಕ್ಕೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರ ಫೆಬ್ರುವರಿಯಲ್ಲಿ ತನ್ನ ಮಾದರಿ ಕಟ್ಟಡ ಬೈಲಾ ತಿದ್ದಿತು. ಕಟ್ಟಡದ ಪಾರ್ಕಿಂಗಿನ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು, ಅವೆಲ್ಲ ಒಟ್ಟಿಗೇ ಓಡಿದರೂ ತಾಳುವಷ್ಟು ಲೋಡು ಇರಬೇಕು, ಸುರಕ್ಷತೆಗೆಂದು ಅದರ ಮೇಲೆ 1.25ರ ಗುಣಕ ಬೇರೆ. ಚೆನ್ನಾಗಿದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ಕಟ್ಟಡದ ಬೈಲಾ ರಾಜ್ಯದ್ದು, ಪಾಲಿಕೆಯದ್ದು. ಅವರು ತಮ್ಮ ಬೈಲಾದಲ್ಲಿ ಬರೆದುಕೊಂಡು, ಬರೆದದ್ದನ್ನು ಸೈಟಿಗೆ ಬಂದು ನೋಡಿದರೆ ಮಾತ್ರ ಅದಕ್ಕೆ ಜೀವ. ಇನ್ನು ಆ ಶೇಕಡಾ ಇಪ್ಪತ್ತರ ಲೆಕ್ಕ ದೊಡ್ಡ ಅಪಾರ್ಟ್‌ಮೆಂಟಿಗೆ, ಮಾಲ್‌ಗೆ ಹೇಳಿ ಮಾಡಿಸಿದ್ದು. ಒಂಟಿ ಸೈಟಿನ ಮನೆಯನ್ನು ಬಹುಮಟ್ಟಿಗೆ ಮಾಲೀಕನ ಅಗತ್ಯಕ್ಕೆ ಬಿಟ್ಟಿದ್ದಾರೆ. ಮಾಲೀಕನ ಅಗತ್ಯ ಸರಿ, ಬಾಡಿಗೆದಾರನದ್ದು? ಬೆಂಗಳೂರಿನ ಬಡಾವಣೆಗಳಲ್ಲಿ ಎದ್ದು ನಿಲ್ಲುತ್ತಿರುವ ಹೊಸ ಮನೆ ಎಂದರೆ ಇದೇ ತರ್ಟಿ ಫಾರ್ಟಿ, ಟ್ವೆಂಟಿ ತರ್ಟಿ. ಒಳಗಿರುವವರು ಬಾಡಿಗೆದಾರರು. ನಿಮ್ಮ ಮನೆಗೆ ಊಟ, ಪಾರ್ಸೆಲ್ಲು ತರುವ ಹುಡುಗರ ಗಾಡಿಗಳನ್ನು ಒಮ್ಮೆ ನೋಡಿ. ಕಿಟಕಿಯಿಂದ ವೈರ್ ಇಳಿಬಿಡುವವರು ಅವರೇ.

ಅಪಾರ್ಟ್‌ಮೆಂಟಿನ ಜಗಳ ಬೇರೆಯದು, ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಾನು ಕೆಲಸ ಮಾಡಿದ ಒಂದರ ಬ್ರೋಷರಿನಲ್ಲಿ 'ಇವಿ ರೆಡಿ', ಅಂದರೆ ಎಲೆಕ್ಟ್ರಿಕ್ ಗಾಡಿಗೆ ಸಿದ್ಧ, ಎಂದು ಅಚ್ಚು ಹಾಕಿಸಿದ್ದರು. ಅರವತ್ತು ಕಾರಿನ ಬೇಸ್‌ಮೆಂಟಿನಲ್ಲಿ ಗೇಟ್ ಪಕ್ಕ ಎರಡು ಸಾಕೆಟ್ಟು. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ನನ್ನ ಬೇಡಿಕೆ ಸಣ್ಣದು. ಹೊಸ ಮನೆಗೆ ಚಾರ್ಜರ್ ಕಡ್ಡಾಯ ಮಾಡಬೇಡಿ. ಮುಂದೆ ಬೇಕಾದಾಗ ವೈರ್ ಎಳೆಯಲು ಖಾಲಿ ಪೈಪು ಕಡ್ಡಾಯ ಮಾಡಿ.

ನನ್ನ ಗಿರಾಕಿಯೊಬ್ಬರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ 2022ರ ಜೂನ್‌ನಿಂದ ಪಾರ್ಕಿಂಗ್ ಇರುವ ಪ್ರತಿ ಹೊಸ ಮನೆಗೂ 7 ಕಿಲೋವ್ಯಾಟಿನ ಚಾರ್ಜಿಂಗ್ ಪಾಯಿಂಟನ್ನೇ ಹಾಕಿಕೊಡಬೇಕಂತೆ. ಅದು ನಮಗೆ ಹೊಂದುವುದಿಲ್ಲ. ಇಲ್ಲಿ ಮೂರು ಕಿಲೋವ್ಯಾಟ್ ಲೋಡು ಮಂಜೂರು ಮಾಡಿಸಿಕೊಂಡು ಗೀಸರ್, ಮಿಕ್ಸಿ, ಇಂಡಕ್ಷನ್ ಸ್ಟವ್ ಎಲ್ಲ ಓಡಿಸುವವರು ನಾವು. ಅದರ ಮೇಲೆ 32 ಆಂಪಿಯರ್ ಎಳೆಯುವ ಪೆಟ್ಟಿಗೆಯನ್ನು ಕಾನೂನಿನ ಬಲದಿಂದ ಗೋಡೆಗೆ ಹೊಡೆಸಿದರೆ ಅದು ಧೂಳು ತಿನ್ನುತ್ತಾ ಕೂರುತ್ತದೆ, ಇಲ್ಲವೇ ಒಂದೇ ಪೆಟ್ಟಿಗೆ ಹತ್ತು ಮನೆಯ ಫೋಟೋಗೆ ಪೋಸು ಕೊಡುತ್ತದೆ.

ತಮಾಷೆಗೆ ಹೇಳುತ್ತಿಲ್ಲ. 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹೀಟರ್ ಇಲ್ಲದಿದ್ದರೆ ಕನೆಕ್ಷನ್ ಇಲ್ಲ. ಒಳ್ಳೆಯ ನಿಯಮ. ಬೆಂಗಳೂರಿನ ತಾರಸಿಗಳ ಮೇಲೆ ಇವತ್ತು ಇಷ್ಟೊಂದು ನೀಲಿ ಗಾಜು ಮಿಂಚುತ್ತಿರುವುದಕ್ಕೆ ಅದೂ ಒಂದು ಕಾರಣ. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯನ್ನೂ ಕೊಟ್ಟರು. ಆದರೆ ಒಂದೇ ಹೀಟರ್ ಆಟೋದಲ್ಲಿ ಕೂತು ಮೂರು ಮನೆಯ ತಾರಸಿ ಹತ್ತಿ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಮಾನನ್ನು ಕಡ್ಡಾಯ ಮಾಡಿದರೆ ಸಾಮಾನು ತಿರುಗಾಡುತ್ತದೆ. ಸ್ಲ್ಯಾಬಿನೊಳಗೆ ಹೂತ ಪೈಪನ್ನು ಯಾರೂ ಪಕ್ಕದ ಮನೆಯವರಿಗೆ ಸಾಲ ಕೊಡಲು ಆಗುವುದಿಲ್ಲ.

ಪೈಪಿನ ಕೆಲಸ ಏನೆಂದು ಹೇಳುತ್ತೇನೆ. ಮೊದಲ ಮೋಲ್ಡ್, ಅಂದರೆ ಸ್ಲ್ಯಾಬಿನ ಕಾಂಕ್ರೀಟ್, ಹಾಕುವ ಮುಂಚೆ, ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿದ ಮೇಲೆ, ನಮ್ಮವರು ಹೋಗಿ ಪೈಪು, ಫ್ಯಾನ್ ಬಾಕ್ಸು, ಜಂಕ್ಷನ್ ಬಾಕ್ಸು ಕೂರಿಸುತ್ತೇವೆ. ಹೇಗೂ ಆ ದಿನ ಮೇಲೆ ಇರುತ್ತೇವೆ, ಬಿಸಿಲಿಗೆ ಹೇಗೂ ಬೇಯುತ್ತೇವೆ. ಅದೇ ಹೊತ್ತಿನಲ್ಲಿ ಮೀಟರ್ ಬೋರ್ಡ್ ಬರುವ ಜಾಗದಿಂದ ಪಾರ್ಕಿಂಗ್ ಗೋಡೆಯವರೆಗೆ ಪ್ರತಿ ಕರೆಂಟ್ ಮೀಟರಿಗೊಂದರಂತೆ 25 ಎಂಎಂ ಪೈಪು ಮಲಗಿಸಿದರೆ ಆಯಿತು. ಮೀಟರಿಗೊಂದು ಎಂಬುದನ್ನು ದಯವಿಟ್ಟು ಗಮನಿಸಿ. ನಾಲ್ಕು ಮನೆಗೆ ಒಂದು ಕಾಮನ್ ಸಾಕೆಟ್ ಕೊಟ್ಟರೆ ಬಿಲ್ಲು ಯಾರದ್ದು ಎಂಬ ಜಗಳ ಮೊದಲನೇ ತಿಂಗಳೇ ಶುರು. ಮಾಲೀಕರು ಆ ಸಾಕೆಟ್ಟಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರವರ ಗಾಡಿ ಅವರವರ ಮೀಟರಿನಲ್ಲಿ ಚಾರ್ಜ್ ಆದರೆ ಯಾರ ಹಂಗೂ ಇಲ್ಲ.

ಮೊನ್ನೆ ಬೋರ್ಡು ಸುಟ್ಟ ಮನೆಯ ಲೆಕ್ಕವನ್ನೇ ಕೊಡುತ್ತೇನೆ. ಮೋಲ್ಡಿಗೆ ಮುಂಚೆಯಾಗಿದ್ದರೆ ನಾಲ್ಕು ಮೀಟರಿಗೂ ಸೇರಿ ಪೈಪು, ಬೆಂಡು, ಬಾಕ್ಸು, ಕೂಲಿ ಎಲ್ಲ ಮೂರೂವರೆ ಸಾವಿರ ದಾಟುತ್ತಿರಲಿಲ್ಲ. ಈಗ? ಮೀಟರ್ ಬೋರ್ಡಿನ ಸುತ್ತ ಮಾಲೀಕರು ಆಸೆಪಟ್ಟು ಕಲ್ಲಿನ ಕ್ಲ್ಯಾಡಿಂಗ್ ಮಾಡಿಸಿದ್ದಾರೆ. ಅದನ್ನು ಕೀಳಬೇಕು, ಗ್ರೂವ್ ಹೊಡೆಯಬೇಕು, ದಾರಿಗಡ್ಡ ಎರಡು ಬೀಮು, ಅವನ್ನು ಕೊರೆಯುವಂತಿಲ್ಲ, ಸುತ್ತಿಕೊಂಡು ಹೋಗಬೇಕು, ಮತ್ತೆ ಪ್ಲಾಸ್ಟರು, ಮತ್ತೆ ಪೇಂಟು. ಇಪ್ಪತ್ತಾರು ಸಾವಿರ ಎಂದು ಬರೆದುಕೊಟ್ಟೆ. ವೈರಿನ ದುಡ್ಡು ಆಗಲೂ ಅಷ್ಟೇ, ಈಗಲೂ ಅಷ್ಟೇ, ಅದನ್ನು ಎರಡೂ ಕಡೆ ಬಿಟ್ಟಿದ್ದೇನೆ. ಗೋಡೆಯ ಮೇಲೇ ಓಪನ್ ಪೈಪು ಹೊಡೆದರೆ ಅಗ್ಗವಾಗುತ್ತದೆ, ಸುರಕ್ಷಿತವೂ ಹೌದು. "ಹೊಸ ಮನೆ ಕಣಪ್ಪ, ಫ್ಯಾಕ್ಟರಿ ಥರ ಕಾಣತ್ತೆ" ಎಂದರು. ಅದಕ್ಕೂ ಒಪ್ಪಿಗೆ ಇಲ್ಲ.

ಹಾಗೆ ನೋಡಿದರೆ ಗೋಡೆ ಒಡೆದಷ್ಟೂ ನನಗೆ ಲಾಭ. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುವ ಸಲಹೆ ಇದು. ಅಷ್ಟರಮಟ್ಟಿಗಾದರೂ ನಂಬಿ.

ಪೈಪಿನ ಜೊತೆ ಇನ್ನೆರಡು ಮಾತು ಸೇರಬೇಕು. ಮೀಟರ್ ಬೋರ್ಡಿನಲ್ಲಿ ಒಂದೆರಡು ಹೆಚ್ಚುವರಿ ಮೀಟರಿಗೆ ಜಾಗ. ಇದು ಯಾಕೆ ಎಂದರೆ ಗೃಹಜ್ಯೋತಿ. ಸ್ಕೂಟರ್ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೂ ಮೂವತ್ತು ಯೂನಿಟ್ ಸುತ್ತಮುತ್ತ, ಹೇಗೋ ನಡೆಯುತ್ತದೆ. ಕಾರು ಅಷ್ಟೇ ದೂರ ಓಡಿದರೆ ನೂರ ಮೂವತ್ತು, ನೂರೈವತ್ತು ಯೂನಿಟ್ ಬೇಕು. ಮನೆಯ ಮೀಟರಿಗೇ ಕಾರು ಜೋಡಿಸಿದರೆ ಉಚಿತ ಕರೆಂಟಿನ 200 ಯೂನಿಟ್ ಗಡಿ ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ಲು ತಲೆಯ ಮೇಲೆ. ಗಾಡಿಗೆ ಬೇರೆ ಮೀಟರ್ ಪಡೆಯುವ ಹಕ್ಕು ಇದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕಿನ ನಿಯಮ ತಿದ್ದಿ, ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ಕನೆಕ್ಷನ್ ಕೇಳಬಹುದು ಎಂದಿತು. ಮಹಾನಗರಗಳಲ್ಲಿ ಹೊಸ ಕನೆಕ್ಷನ್ನಿಗೆ ಇದ್ದ ಏಳು ದಿನದ ಗಡುವನ್ನು ಮೂರಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿಯಲ್ಲಿ. ವಾಹನ ಚಾರ್ಜಿಂಗಿಗೆ ಬೆಸ್ಕಾಂನಲ್ಲಿ ಬೇರೆ ದರವೇ ಇದೆ. ಹಕ್ಕೇನೋ ಬಂತು, ಬೋರ್ಡಿನಲ್ಲಿ ಮೀಟರ್ ಕೂರಿಸಲು ಒಂದು ಗೇಣು ಜಾಗ ಇಲ್ಲ. ಐದು ಮೀಟರಿಗೆ ಐದು ಮೀಟರಿನಷ್ಟೇ ಪೆಟ್ಟಿಗೆ ಮಾಡಿಸುತ್ತಾರೆ, ಒಂದಿಂಚು ಹೆಚ್ಚಿಲ್ಲ. ಅದರ ಪಕ್ಕಕ್ಕೆ ಸಂಪಿನ ಮುಚ್ಚಳ, ಮೇಲೆ ಮೆಟ್ಟಿಲು.

ಎರಡನೆಯದು ಅರ್ಥಿಂಗ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ ಮತ್ತು ಗುಂಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಹೋದ ವರ್ಷ ಉಲ್ಲಾಳದ ಕಡೆ ಒಬ್ಬರು ಹೊಸ ಕಾರು ತಂದರು. ಕಂಪನಿಯವರು ಬಂದು ಗೋಡೆಗೆ ಚಾರ್ಜರ್ ಹಾಕಿದರು, ಕೆಂಪು ದೀಪ ಬಿಟ್ಟು ಬೇರೆ ದೀಪ ಹತ್ತಲೊಲ್ಲದು. ಚಾರ್ಜರ್ ಕೆಟ್ಟಿದೆ ಎಂದು ಎರಡು ಸಲ ಬದಲಾಯಿಸಿದರಂತೆ. ನಾನು ಹೋಗಿ ನ್ಯೂಟ್ರಲ್‌ಗೂ ಅರ್ಥಿಗೂ ಮಲ್ಟಿಮೀಟರ್ ಇಟ್ಟರೆ 28 ವೋಲ್ಟ್. ಎರಡು ಮೂರು ಇರಬೇಕಾದ ಕಡೆ ಇಪ್ಪತ್ತೆಂಟು. ಗುಂಡಿ ಹುಡುಕಿದರೆ ಅದರ ಮೇಲೆ ಕಾಂಪೌಂಡಿನ ಟೈಲ್ಸ್ ಹಾಕಿ ಮುಚ್ಚಿಬಿಟ್ಟಿದ್ದಾರೆ. ಟೈಲ್ಸ್ ತೆಗೆಸಿದೆ. ಗುಂಡಿ ಒಣಗಿ ಇಟ್ಟಿಗೆಯಾಗಿತ್ತು, ಪೈಪಿಗೂ ತಂತಿಗೂ ಇರುವ ಬೋಲ್ಟು ತುಕ್ಕು ತಿಂದು ಕೈಯಲ್ಲೇ ಮುರಿದು ಬಂತು. ಇವಿ ಚಾರ್ಜರ್ ಅರ್ಥಿಂಗ್ ಪರೀಕ್ಷಿಸಿಯೇ ಕೆಲಸ ಶುರು ಮಾಡುತ್ತದೆ, ಸರಿ ಇಲ್ಲದಿದ್ದರೆ ಹಟ ಹಿಡಿದು ಕೂರುತ್ತದೆ. ಗೀಸರಿಗೆ ಆ ಬುದ್ಧಿ ಇಲ್ಲ. ಅದೇ ಅರ್ಥಿಂಗ್ ಮೇಲೆ ಆ ಮನೆಯವರು ಆರು ವರ್ಷ ಬಿಸಿನೀರು ಸ್ನಾನ ಮಾಡಿದ್ದಾರೆ. ಅದನ್ನು ಹೇಳಿದಾಗ ಆ ಅಮ್ಮನ ಮುಖ ಬಿಳಚಿಕೊಂಡಿತು.

ಇನ್ನು ಯಾರು ನೋಡಬೇಕು ಎಂಬುದು. ಇಲ್ಲಿ ನನಗೆ ಭಯ. ಓಸಿ, ಅಂದರೆ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು ಕೊಡಬೇಡಿ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಣ್ಣ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿದವರು ಪಟ್ಟ ಪಾಡು ನಿಮ್ಮ ಪತ್ರಿಕೆಯ ಓದುಗರಿಗೆ ಗೊತ್ತು. ನನ್ನ ಗಿರಾಕಿಗಳಲ್ಲೇ ಇಬ್ಬರು ಗೃಹಪ್ರವೇಶ ಮುಗಿಸಿ ತಿಂಗಳುಗಟ್ಟಲೆ ಟೆಂಪರರಿ ಕನೆಕ್ಷನ್ನಿನಲ್ಲೇ ದೀಪ ಹಚ್ಚಿದರು. ಅಂಥ ಹೊತ್ತಿನಲ್ಲಿ 'ಇವಿ ಎನ್‌ಒಸಿ' ಎಂಬ ಹೊಸ ಕಾಗದ, ಅದಕ್ಕೊಂದು ಟೇಬಲ್, ಟೇಬಲ್ಲಿಗೊಂದು ಕೈ ಹುಟ್ಟುವುದಾದರೆ ನನ್ನ ಪತ್ರವನ್ನು ಹರಿದು ಹಾಕಿ. ಹೊಸ ಕಾಗದ ಬೇಡ. ಕನೆಕ್ಷನ್ ಅರ್ಜಿಯ ಜೊತೆ ನನ್ನಂಥ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೊಡುವ ಕಂಪ್ಲೀಷನ್ ರಿಪೋರ್ಟ್ ಈಗಾಗಲೇ ಇದೆ. ಅದರಲ್ಲಿ ಒಂದು ಸಾಲು ಸೇರಿಸಿ: ಇಂತಿಷ್ಟು ಮೀಟರ್, ಪಾರ್ಕಿಂಗಿಗೆ ಇಂತಿಷ್ಟು ಪೈಪು. ಸುಳ್ಳು ಬರೆದರೆ ಲೈಸೆನ್ಸ್ ನನ್ನದು ಹೋಗಲಿ.

ಪರೀಕ್ಷೆಯೂ ಸುಲಭ. ಮೀಟರ್ ಹಾಕಲು ಬರುವವರು ಹೇಗೂ ಬರುತ್ತಾರೆ. ವೈರ್ ಎಳೆಯಲು ನಾವು ಬಳಸುವ ಸ್ಪ್ರಿಂಗನ್ನು ಮೀಟರ್ ಕಡೆಯ ಬಾಯಿಂದ ತೂರಿಸಿ. ಪಾರ್ಕಿಂಗ್ ಗೋಡೆಯ ಬಾಕ್ಸಿನಲ್ಲಿ ಅದರ ಮೂತಿ ಹೊರಬಂದರೆ ಪೈಪು ಇದೆ, ಬರದಿದ್ದರೆ ಇಲ್ಲ. ಎರಡು ನಿಮಿಷದ ಕೆಲಸ. ಇದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಡ, ನನ್ನ ಹೆಲ್ಪರ್ ಹುಡುಗ ಎಸ್ಸೆಸ್ಸೆಲ್ಸಿ ಫೇಲು, ಅವನೂ ಮಾಡುತ್ತಾನೆ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಒಂದಿದ್ದ ಪಾಲಿಕೆ ಐದಾಗಿದೆ, ಮೇಲೊಂದು ಪ್ರಾಧಿಕಾರವೂ ಇದೆ. ಐದೂ ಕಡೆ ಐದು ಥರ ಬರೆಯುವ ಬದಲು ಎಲ್ಲರಿಗೂ ಒಂದೇ ಸಾಲು ಸಾಕು. ಹೊರಗಿನ ಊರುಗಳಿಗೂ ಅನ್ವಯಿಸಲಿ. ತುಮಕೂರಿನ ನನ್ನ ತಮ್ಮನ ಮನೆ ಬೀದಿಯಲ್ಲೇ ಎಲೆಕ್ಟ್ರಿಕ್ ಗಾಡಿ ಏಳೋ ಎಂಟೋ ಇವೆ, ಅಲ್ಲಿಯೂ ಕಿಟಕಿಯಿಂದ ವೈರು ಜೋತಾಡುತ್ತಿದೆ.

ಮೊನ್ನೆಯ ಹುಡುಗನ ಕಥೆ ಇಷ್ಟಕ್ಕೆ ನಿಂತಿದೆ: ಸದ್ಯಕ್ಕೆ ಆಫೀಸಿನಲ್ಲಿ ಚಾರ್ಜ್ ಮಾಡಿಕೊಂಡು ಬರುತ್ತಿದ್ದಾನೆ, ಭಾನುವಾರ ಗಾಡಿ ತೆಗೆಯುವುದಿಲ್ಲ. ಮಾಲೀಕರು ಇಪ್ಪತ್ತಾರು ಸಾವಿರದ ಚೀಟಿಯನ್ನು ಫ್ರಿಜ್ ಮೇಲಿಟ್ಟಿದ್ದಾರೆ.

ಈ ಗುರುವಾರ ಅದೇ ರಸ್ತೆಯ ಕೊನೆಯಲ್ಲಿ ಇನ್ನೊಂದು ಮನೆಯ ಮೊದಲ ಮೋಲ್ಡ್ ಇದೆ. ಅವರು ಕೇಳಿರಲಿಲ್ಲ, ಪ್ಲಾನಿನಲ್ಲೂ ಇಲ್ಲ. ನಿನ್ನೆ ಸಂಜೆ ಮೀಟರ್ ಜಾಗದಿಂದ ಪಾರ್ಕಿಂಗ್ ಗೋಡೆಗೆ ಐದು ಪೈಪು ಮಲಗಿಸಿ, ಕಂಬಿಗೆ ಬಿಗಿದು, ಕಾಂಕ್ರೀಟ್ ಒಳಗೆ ಹೋಗದಂತೆ ಎರಡೂ ಬಾಯಿಗೆ ಸಿಮೆಂಟ್ ಚೀಲದ ಕಾಗದ ತುರುಕಿ ಬಂದಿದ್ದೇನೆ. ಬಿಲ್ಲಿನಲ್ಲಿ ಏನೆಂದು ಬರೆಯುವುದು ಎಂದು ಯೋಚಿಸುತ್ತಿದ್ದೇನೆ.

ಇಂತಿ ತಮ್ಮ ಓದುಗ,
ಒಬ್ಬ ವೈರಿಂಗ್ ಕಾಂಟ್ರಾಕ್ಟರ್,
ನಾಗರಬಾವಿ, ಬೆಂಗಳೂರು